ರೋಟರ್ ಸೋತರೆ ಕರೆಂಟೂ ಇಲ್ಲ: ಡಿಸಿಎಸ್ ಎಂಐ-8 ಸಿಮ್ಯುಲೇಟರ್ ಬಗ್ಗೆ ಒಬ್ಬ ಎಲೆಕ್ಟ್ರಿಕಲ್ ಫಿಟ್ಟರ್ ಮಾತು

ಹೆಲಿಕಾಪ್ಟರ್ ಸಿಮ್ಯುಲೇಟರ್‌ಗಳ ವಿಮರ್ಶೆ ಓದಿದರೆ ಹೆಚ್ಚಿನವರು ಬರೆಯುವುದು ಎರಡು ವಿಷಯ. ನೋಡುವುದಕ್ಕೆ ಎಷ್ಟು ಚೆನ್ನಾಗಿದೆ, ಹಾರಿಸುವುದು ಎಷ್ಟು ಕಷ್ಟ. ಅದರೊಳಗಿನ ಕರೆಂಟ್ ವ್ಯವಸ್ಥೆ ಹೇಗಿದೆ ಅಂತ ಕೇಳಿದವರು ಕಡಿಮೆ. ನಾನು ವಾಯುಪಡೆಯಲ್ಲಿ ಎಲೆಕ್ಟ್ರಿಕಲ್ ಫಿಟ್ಟರ್ ಆಗಿದ್ದವನು. ನಿವೃತ್ತಿ ಆಗಿ ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಇದ್ದೇನೆ. ನನ್ನ ಕಣ್ಣು ಮೊದಲು ಹೋಗುವುದೇ ವೋಲ್ಟ್‌ಮೀಟರ್ ಕಡೆಗೆ. ಹಾಗಾಗಿ ಈ ವಿಮರ್ಶೆ ಪೂರ್ತಿ ಆ ಕಡೆಯಿಂದಲೇ ಇದೆ.

ನಾನು ಹೇಳುತ್ತಿರುವುದು ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರ್‌ನಲ್ಲಿ ಸಿಗುವ ಎಂಐ-8ಎಂಟಿವಿ2 ಹೆಲಿಕಾಪ್ಟರ್ ಬಗ್ಗೆ. ಬೆಲ್‌ಸಿಮ್‌ಟೆಕ್ ತಂಡ ಮಾಡಿದ್ದು, 2013ರಲ್ಲಿ ಬಂತು. ಹಳೆಯ ಸರಕೇ. ಆದರೆ ಒಂದು ವಿಷಯದಲ್ಲಿ ಇದು ನನ್ನ ಮನಸ್ಸು ಗೆದ್ದಿದೆ. ರೋಟರ್, ಅಂದರೆ ತಲೆಯ ಮೇಲೆ ತಿರುಗುವ ದೊಡ್ಡ ರೆಕ್ಕೆ, ನಿಧಾನವಾದಾಗ ಜನರೇಟರ್ ಏನು ಮಾಡುತ್ತದೆ ಎನ್ನುವುದನ್ನು ಇದು ಸರಿಯಾಗಿ ತೋರಿಸುತ್ತದೆ. ಸುಮ್ನೆ ಒಂದು ದೀಪ ಹತ್ತಿಸಿ ಕೈತೊಳೆದುಕೊಳ್ಳುವುದಿಲ್ಲ. ಅದರ ಹಿಂದಿನ ಸಾಲು ಸಾಲು ಪರಿಣಾಮವನ್ನೂ ತೋರಿಸುತ್ತದೆ.

ಎಂಐ-8 ನಮಗೆ ಹೊರಗಿನದಲ್ಲ. 1970ರ ದಶಕದಿಂದ ನಮ್ಮ ವಾಯುಪಡೆಯಲ್ಲಿ ದುಡಿದ ಯಂತ್ರ ಅದು. 2017ರ ಡಿಸೆಂಬರ್‌ನಲ್ಲಿ ಅದಕ್ಕೆ ಬೀಳ್ಕೊಡುಗೆ ಕೊಟ್ಟಿದ್ದು ನಮ್ಮ ಯಲಹಂಕದಲ್ಲೇ. ಅದರ ಮುಂದಿನ ಪೀಳಿಗೆ ಎಂಐ-17 ಇವತ್ತಿಗೂ ಹಾರುತ್ತಿದೆ. ಸಿಮ್ಯುಲೇಟರ್‌ನಲ್ಲಿರುವ ಎಂಟಿವಿ2 ಈ ಎಂಐ-17 ಕುಟುಂಬಕ್ಕೆ ಸೇರಿದ್ದು. ಇಂಜಿನ್ ಟಿವಿ3-117, ಗೇರ್‌ಬಾಕ್ಸ್ ವಿಆರ್-14. ಇಂಜಿನ್‌ನ ಶಕ್ತಿಯನ್ನು ರೋಟರ್‌ಗೆ ದಾಟಿಸುವ ಈ ಗೇರ್‌ಬಾಕ್ಸ್ ಹೆಸರು ನೆನಪಿಟ್ಟುಕೊಳ್ಳಿ. ಕಥೆಯೆಲ್ಲ ಅಲ್ಲಿಂದಲೇ ಶುರು.

ಹಳೆಯ ಎಂಐ-8ರಲ್ಲಿ ಡಿಸಿ ಕರೆಂಟ್ ಹುಟ್ಟುತ್ತಿದ್ದುದು ಇಂಜಿನ್‌ನ ಮೇಲೆ. ಒಂದೊಂದು ಇಂಜಿನ್‌ಗೆ ಒಂದೊಂದು ಜಿಎಸ್-18 ಸ್ಟಾರ್ಟರ್-ಜನರೇಟರ್. ಸ್ಟಾರ್ಟ್ ಮಾಡುವಾಗ ಅದೇ ಮೋಟಾರು, ಇಂಜಿನ್ ಎದ್ದ ಮೇಲೆ ಅದೇ ಜನರೇಟರು. ಜೊತೆಗೆ ಮುಖ್ಯ ಗೇರ್‌ಬಾಕ್ಸ್ ಮೇಲೆ ಒಂದು ಎಸಿ ಜನರೇಟರ್ ಇತ್ತು. ಬ್ಲೇಡ್‌ಗಳ ಮೇಲೆ ಕೂರುವ ಮಂಜು ಕರಗಿಸುವಂಥ ದೊಡ್ಡ ಹೀಟರ್ ಲೋಡು ಅದರದ್ದು. ಅಂದರೆ ಅಲ್ಲಿ ರೋಟರ್ ಸ್ವಲ್ಪ ಇಳಿದರೆ ಹೀಟರ್‌ಗೆ ಪೆಟ್ಟು. ರೇಡಿಯೋ, ಮೀಟರ್ ಇವಕ್ಕೆಲ್ಲ ಇಂಜಿನ್ ಮೇಲಿನ ಡಿಸಿ ಇದ್ದೇ ಇರುತ್ತಿತ್ತು.

ಎಂಟಿವಿಯಲ್ಲಿ ಲೆಕ್ಕ ಬದಲಾಯಿತು. ಇಲ್ಲಿ ಮುಖ್ಯ ಜನರೇಟರ್‌ಗಳು ಎರಡೂ ಎಸಿ. ಎಸ್‌ಜಿಎಸ್-40 ಅಂತ ಕರೆಯುತ್ತಾರೆ. ಒಂದೊಂದೂ 40 ಕೆವಿಎ, 115/200 ವೋಲ್ಟ್, ಮೂರು ಫೇಸ್, 400 ಹರ್ಟ್ಸ್. ಎರಡೂ ಕೂತಿರುವುದು ಗೇರ್‌ಬಾಕ್ಸ್ ಮೇಲೆ. ಡಿಸಿ ಬೇಕಾದರೆ ಈ ಎಸಿಯನ್ನೇ ಮೂರು ರೆಕ್ಟಿಫೈಯರ್‌ಗಳು 28 ವೋಲ್ಟ್ ಡಿಸಿ ಮಾಡಿಕೊಡುತ್ತವೆ. ಹಾಗಾಗಿ ಎಸಿ ಹೋದರೆ ಅದರ ಹಿಂದೆಯೇ ರೆಕ್ಟಿಫೈಯರ್‌ಗಳೂ ಸತ್ತಂತೆ. ಉಳಿಯುವುದು ಬ್ಯಾಟರಿ ಮಾತ್ರ. 24 ವೋಲ್ಟ್‌ನ ಎರಡು ಬ್ಯಾಟರಿ, ತಲಾ 28 ಆಂಪಿಯರ್-ಅವರ್. ಅಷ್ಟು ದೊಡ್ಡ ಯಂತ್ರಕ್ಕೆ ಅದು ಏನೇನೂ ಸಾಲದು.

ಗೇರ್‌ಬಾಕ್ಸ್ ಮೇಲೆ ಕೂತ ಜನರೇಟರ್‌ಗೆ ಇಂಜಿನ್ ಓಡುತ್ತಿದೆಯೋ ಇಲ್ಲವೋ ಬೇಕಿಲ್ಲ. ರೋಟರ್ ತಿರುಗುತ್ತಿದೆಯಾ, ಎಷ್ಟು ಜೋರಾಗಿ ತಿರುಗುತ್ತಿದೆ, ಅಷ್ಟೇ ಅದಕ್ಕೆ ಬೇಕು. ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಫ್ರೀವೀಲ್ ಇದೆ. ಇಂಜಿನ್ ನಿಂತರೂ ರೋಟರ್ ತನ್ನ ಪಾಡಿಗೆ ತಿರುಗಬಹುದು. ರೋಟರ್ ಜೊತೆ ಜನರೇಟರೂ ತಿರುಗುತ್ತಲೇ ಇರುತ್ತದೆ.

ಹಾಗಾದರೆ ರೋಟರ್ ಸ್ವಲ್ಪ ನಿಧಾನವಾದರೆ ಜನರೇಟರ್‌ಗೆ ಏನು ಕಷ್ಟ? ಸ್ವಲ್ಪ ಕಡಿಮೆ ಕರೆಂಟ್ ಕೊಡಬಹುದಲ್ವಾ? ಈ ಪ್ರಶ್ನೆಯನ್ನು ನನ್ನ ಅಕ್ಕನ ಮಗನೂ ಕೇಳಿದ. ಇಂಜಿನಿಯರಿಂಗ್ ಓದುವ ಹುಡುಗ, ಈ ಸಿಮ್ಯುಲೇಟರ್ ಹಾಕಿಕೊಟ್ಟಿದ್ದು ಅವನೇ. "ಮಾವ, ವೋಲ್ಟೇಜ್ ರೆಗ್ಯುಲೇಟರ್ ಇದೆಯಲ್ಲ, ಅದು ಸರಿಮಾಡಿಕೊಳ್ಳಲ್ವಾ?" ಅಂದ. ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾಗಿ ಉತ್ತರ ಗೊತ್ತಿಲ್ಲದೆ ಈ ಸಿಮ್ಯುಲೇಟರ್‌ನ ಬೆಲೆ ತಿಳಿಯುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜನರೇಟರ್‌ನ ವೋಲ್ಟೇಜ್ ಎರಡು ಸಂಗತಿಯ ಮೇಲೆ ನಿಂತಿದೆ. ಎಷ್ಟು ಜೋರಾಗಿ ತಿರುಗುತ್ತಿದೆ, ಅದರೊಳಗೆ ಕಾಂತ ಶಕ್ತಿ ಹುಟ್ಟಿಸುವ ಫೀಲ್ಡ್ ಸುರುಳಿಗೆ ಎಷ್ಟು ಕರೆಂಟ್ ಕೊಡುತ್ತಿದ್ದೇವೆ. ಸ್ಪೀಡು ಇಳಿದರೆ ರೆಗ್ಯುಲೇಟರ್ ಫೀಲ್ಡ್ ಕರೆಂಟ್ ಏರಿಸುತ್ತದೆ. ವೋಲ್ಟೇಜ್ ಒಂದು ಮಟ್ಟದವರೆಗೆ ಸರಿಯಾಗೇ ನಿಲ್ಲುತ್ತದೆ. ಡಿಸಿ ಜನರೇಟರ್ ಆದರೆ ಇಷ್ಟರಲ್ಲಿ ಕಥೆ ಮುಗಿಯಿತು. ಎಸಿಯಲ್ಲಿ ಮುಗಿಯುವುದಿಲ್ಲ. ಎಸಿಯಲ್ಲಿ ಫ್ರೀಕ್ವೆನ್ಸಿ ಅಂತ ಒಂದಿದೆ, ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಎಂಬ ಲೆಕ್ಕ. ಅದರ ಅಳತೆಯೇ ಹರ್ಟ್ಸ್. ಅದು ನಿಂತಿರುವುದು ಸ್ಪೀಡಿನ ಮೇಲೆ ಮಾತ್ರ. ಉದಾಹರಣೆಗೆ 6 ಪೋಲ್, ಅಂದರೆ ಆರು ಕಾಂತ ಧ್ರುವ, ಇರುವ ಜನರೇಟರ್ ನಿಮಿಷಕ್ಕೆ 8000 ಸುತ್ತು ತಿರುಗಿದರೆ 400 ಹರ್ಟ್ಸ್ ಬರುತ್ತದೆ. 7200ಕ್ಕೆ ಇಳಿದರೆ 360. ರೆಗ್ಯುಲೇಟರ್ ಎಷ್ಟೇ ಹೆಣಗಿದರೂ ಈ 360ನ್ನು 400 ಮಾಡುವುದಕ್ಕೆ ಆಗುವುದಿಲ್ಲ.

ಫ್ರೀಕ್ವೆನ್ಸಿ ಇಳಿದು ವೋಲ್ಟೇಜ್ ಹಾಗೇ ನಿಂತರೆ ಇನ್ನೂ ಕೆಟ್ಟದು. ಟ್ರಾನ್ಸ್‌ಫಾರ್ಮರ್‌ಗಳ ಕಬ್ಬಿಣಕ್ಕೆ ಲೆಕ್ಕಕ್ಕಿಂತ ಜಾಸ್ತಿ ಕಾಂತ ಶಕ್ತಿ ತುಂಬುತ್ತದೆ. ಅವು ಜಾಸ್ತಿ ಕರೆಂಟ್ ಎಳೆಯುತ್ತವೆ, ಕಾಯುತ್ತವೆ. ದಿಗಂತ ತೋರಿಸುವ ಮೀಟರ್‌ನೊಳಗೆ ಜೋರಾಗಿ ತಿರುಗುವ ಜೈರೋ ಮೋಟಾರ್‌ಗಳು ನಿಧಾನವಾಗುತ್ತವೆ. ಜೈರೋ ನಿಧಾನವಾದರೆ ಅದು ತೋರಿಸುವ ದಿಗಂತವನ್ನು ನಂಬುವಂತಿಲ್ಲ. ಹೀಗೆ ಅರೆಬರೆ ಕರೆಂಟ್ ಕೊಟ್ಟು ಎಲ್ಲವನ್ನೂ ಹಾಳು ಮಾಡುವ ಬದಲು ಕೊಡದೇ ಇರುವುದೇ ಮೇಲು. ಅದಕ್ಕಾಗಿ ಒಂದು ರಕ್ಷಣೆಯ ಪೆಟ್ಟಿಗೆ ಇರುತ್ತದೆ. ಒಂದು ಮಟ್ಟಕ್ಕಿಂತ ಕೆಳಗೆ ಹೋದ ಕೂಡಲೇ ಅದು ಜನರೇಟರ್‌ನ ಕೊಂಡಿ ಬಿಡಿಸುತ್ತದೆ. ಈ ಹೆಲಿಕಾಪ್ಟರ್‌ನಲ್ಲಿ ಆ ಮಟ್ಟ ರೋಟರ್ ಸ್ಪೀಡು ಸುಮಾರು 88 ಪರ್ಸೆಂಟ್ ಹತ್ತಿರ.

ನಮ್ಮೂರ ಜಾತ್ರೆಯಲ್ಲಿ ಡೀಸೆಲ್ ಜನರೇಟರ್ ನೋಡಿದವರಿಗೆ ಇದರ ಅರ್ಧ ಗೊತ್ತು. ಲೋಡು ಜಾಸ್ತಿ ಆದಾಗ ಇಂಜಿನ್ ದನಿ ದಪ್ಪಗಾಗುತ್ತದೆ, ದೀಪ ಮಂಕಾಗುತ್ತದೆ, ಫ್ಯಾನು ಸೊರಗುತ್ತದೆ. ಅಲ್ಲಿ ಯಾರೋ ಹೋಗಿ ಒಂದು ಸಾಲು ದೀಪ ಆರಿಸುತ್ತಾರೆ. ಹೆಲಿಕಾಪ್ಟರ್‌ನಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ, ಸಮಯವೂ ಇಲ್ಲ. ಪೆಟ್ಟಿಗೆ ತಾನೇ ಕತ್ತರಿಸುತ್ತದೆ.

ದೊಡ್ಡ ವಿಮಾನಗಳಲ್ಲಿ ಇದೇ ತೊಂದರೆಗೆ ಬೇರೆ ಪರಿಹಾರ ಇದೆ. ಅಲ್ಲಿ ಜೆಟ್ ಇಂಜಿನ್ ಸ್ಪೀಡು ಏರುತ್ತ ಇಳಿಯುತ್ತ ಇರುತ್ತದೆ. ಹಾಗಾಗಿ ಇಂಜಿನ್‌ಗೂ ಜನರೇಟರ್‌ಗೂ ನಡುವೆ ಕಾನ್‌ಸ್ಟಂಟ್ ಸ್ಪೀಡ್ ಡ್ರೈವ್ ಎಂಬ ತೂಕದ, ದುಬಾರಿ ಯಂತ್ರ ಇಟ್ಟರು. ಹೆಲಿಕಾಪ್ಟರ್ ಮಾಡುವವರಿಗೆ ಅದು ಬೇಕಾಗಲಿಲ್ಲ. ರೋಟರ್ ಹೇಗೂ ಹೆಚ್ಚು ಕಡಿಮೆ ಒಂದೇ ಸ್ಪೀಡಿನಲ್ಲಿ ತಿರುಗಬೇಕು. ಅದನ್ನೇ ಬಳಸಿಕೊಂಡರು. ಬಹಳ ಜಾಣ ಕೆಲಸ ಅಂತ ನನಗೆ ಯಾವಾಗಲೂ ಅನಿಸಿದೆ. ಆದರೆ ರೋಟರ್ ಒಂದೇ ಸ್ಪೀಡಿನಲ್ಲಿ ನಿಲ್ಲದ ಹೊತ್ತಿನಲ್ಲಿ ಇದರ ಬೆಲೆ ತೆರಬೇಕು.

ಈಗ ಸಿಮ್ಯುಲೇಟರ್‌ಗೆ ಬರುತ್ತೇನೆ. ಮೊದಲ ಪರೀಕ್ಷೆ ನೆಲದ ಮೇಲೆ. ಬ್ಯಾಟರಿ ಹಾಕಿ, ಸರ್ಕಿಟ್ ಬ್ರೇಕರ್ ಸಾಲುಗಳನ್ನೆಲ್ಲ ಮೇಲೆ ಮಾಡಿ, ಇಂಧನ ಪಂಪ್ ಹಾಕಿ, ಎಐ-9ವಿ ಎಂಬ ಪುಟ್ಟ ಸಹಾಯಕ ಇಂಜಿನ್ ಎಬ್ಬಿಸಬೇಕು. ಅದು ಗಾಳಿ ಒತ್ತಿ ಕೊಡುತ್ತದೆ, ಆ ಗಾಳಿಯಿಂದ ಮುಖ್ಯ ಇಂಜಿನ್‌ಗಳು ಒಂದಾದ ಮೇಲೆ ಒಂದು ಏಳುತ್ತವೆ. ಆ ಪುಟ್ಟ ಇಂಜಿನ್ ಮೇಲೆ ಒಂದು 3 ಕಿಲೋವ್ಯಾಟ್ ಸ್ಟಾರ್ಟರ್-ಜನರೇಟರ್ ಕೂಡ ಇದೆ. ಮುಖ್ಯ ಜನರೇಟರ್ ಬರುವವರೆಗೆ ಡಿಸಿ ಕೊಡುವುದು ಅದೇ.

ಎರಡೂ ಇಂಜಿನ್ ಎದ್ದವು, ರೋಟರ್ ತಿರುಗುತ್ತಿದೆ. ಕಲೆಕ್ಟಿವ್, ಅಂದರೆ ಹೆಲಿಕಾಪ್ಟರ್ ಅನ್ನು ಮೇಲೆತ್ತುವ ಲಿವರ್, ಕೆಳಗಿದೆ, ಥ್ರಾಟಲ್ ಹಿಡಿ ಎಡಕ್ಕಿದೆ. ಅಂದರೆ ಐಡಲ್. ನೋಡಿದವರಿಗೆ ಹೆಲಿಕಾಪ್ಟರ್ ಪೂರ್ತಿ ಜೀವ ಬಂದು ನಿಂತಿದೆ ಅನಿಸುತ್ತದೆ. ಆದರೆ ಮೀಟರ್‌ನಲ್ಲಿ ರೋಟರ್ ಸ್ಪೀಡು 70ಕ್ಕೂ ಕೆಳಗಿದೆ. ಈಗ ಬೇಕು ಅಂತಲೇ ಎರಡೂ ಜನರೇಟರ್ ಸ್ವಿಚ್ ಆನ್ ಮಾಡಿ. ಏನೂ ಆಗುವುದಿಲ್ಲ. ಜನರೇಟರ್ ಇಲ್ಲ ಅಂತ ಎಚ್ಚರಿಸುವ ದೀಪ ಹಾಗೇ ಉರಿಯುತ್ತಿರುತ್ತದೆ. ಹೊಸಬರಲ್ಲಿ ಅನೇಕರು ಇಲ್ಲೇ ಸಿಕ್ಕಿಹಾಕಿಕೊಂಡು ಸಿಮ್ಯುಲೇಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಜನರೇಟರ್‌ಗೆ ಬೇಕಾದ ಸ್ಪೀಡು ಇನ್ನೂ ಬಂದಿಲ್ಲ, ಅಷ್ಟೇ.

ಥ್ರಾಟಲ್ ಹಿಡಿಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸುತ್ತ ಹೋಗಿ. ಇಂಜಿನ್ ದನಿ ಏರುತ್ತದೆ. ರೋಟರ್ ಮುಳ್ಳು 75, 80, 85 ದಾಟುತ್ತದೆ. 90ರ ಅಕ್ಕಪಕ್ಕದಲ್ಲಿ ದೀಪ ಆರುತ್ತದೆ. ಎಸಿ ವೋಲ್ಟ್‌ಮೀಟರ್ ಮುಳ್ಳು ಎದ್ದು ನಿಲ್ಲುತ್ತದೆ. ಹಿಡಿ ಪೂರ್ತಿ ಬಲಕ್ಕೆ ಬಂದಾಗ ರೋಟರ್ 95ರ ಹತ್ತಿರ ನಿಂತುಬಿಡುತ್ತದೆ. ಆಮೇಲೆ ಮೂರು ರೆಕ್ಟಿಫೈಯರ್, ಇನ್ವರ್ಟರ್ ಸ್ವಿಚ್‌ಗಳನ್ನು ಆಟೋಗೆ ಹಾಕುವುದು, ಕೊನೆಗೆ ಪುಟ್ಟ ಇಂಜಿನ್‌ಗೆ ವಿಶ್ರಾಂತಿ. ಈ ಕ್ರಮ ಯಾರೋ ಪುಸ್ತಕದಲ್ಲಿ ಬರೆದರು ಅಂತ ಮಾಡುವುದಲ್ಲ. ಪ್ರತಿ ಹೆಜ್ಜೆಗೂ ಕಾರಣ ಇದೆ, ಆ ಕಾರಣ ಇಲ್ಲಿ ಕಣ್ಣಿಗೆ ಕಾಣುತ್ತದೆ. ಪುಟ್ಟ ಇಂಜಿನ್ ಅನ್ನು ಮೊದಲೇ ನಿಲ್ಲಿಸಿ ನೋಡಿ, ಬ್ಯಾಟರಿಯ ಮೇಲೆ ಬಂದು ಕೂರುತ್ತೀರಿ.

ಎರಡನೆಯ ಪರೀಕ್ಷೆ ಬೆಟ್ಟದ ಮೇಲೆ. ಇದು ನನಗೆ ಅತ್ಯಂತ ಇಷ್ಟವಾದದ್ದು. ಡಿಸಿಎಸ್ ಜೊತೆ ಉಚಿತವಾಗಿ ಬರುವ ಕಾಕಸಸ್ ನಕ್ಷೆಯಲ್ಲಿ ಬೆಟ್ಟಗಳಿಗೆ ಬರವಿಲ್ಲ, ಎಲ್‌ಬ್ರುಸ್ ಶಿಖರವೂ ಇದೆ. ಹೆಲಿಕಾಪ್ಟರ್‌ಗೆ ಇಂಧನ, ಸರಕು ಚೆನ್ನಾಗಿ ತುಂಬಿ. ಮೂರು ಸಾವಿರ ಮೀಟರ್ ಮೇಲಿನ ಒಂದು ಕಣಿವೆಗೆ ಹೋಗಿ ಗಾಳಿಯಲ್ಲಿ ನಿಲ್ಲಲು ನೋಡಿ.

ಅಲ್ಲಿ ಗಾಳಿ ತೆಳು. ಇಂಜಿನ್‌ಗೆ ಕಸುವು ಕಡಿಮೆ, ರೋಟರ್‌ಗೆ ಕೆಲಸ ಜಾಸ್ತಿ. ವೇಗ ಇಳಿಸುತ್ತ ಬಂದಂತೆ ಕಲೆಕ್ಟಿವ್ ಮೇಲೆ ಎಳೆಯಬೇಕಾಗುತ್ತದೆ. ಎಳೆದಂತೆ ಗವರ್ನರ್ ಇಂಜಿನ್‌ಗಳಿಗೆ ಹೆಚ್ಚು ಇಂಧನ ಕೊಟ್ಟು ರೋಟರ್ ಅನ್ನು 95ರಲ್ಲಿ ಹಿಡಿದಿಡುತ್ತದೆ. ಒಂದು ಹಂತದಲ್ಲಿ ಎರಡೂ ಇಂಜಿನ್ ತಮ್ಮ ಮಿತಿಗೆ ಬರುತ್ತವೆ. ಇನ್ನು ಕೊಡಲು ಏನೂ ಇಲ್ಲ. ಆಮೇಲೂ ಕಲೆಕ್ಟಿವ್ ಎಳೆದರೆ ಆ ಶಕ್ತಿ ಬರಬೇಕಾದ್ದು ರೋಟರ್‌ನ ತಿರುಗಾಟದಿಂದಲೇ. ಮುಳ್ಳು 93ಕ್ಕೆ ಬರುತ್ತದೆ, 91, 90. ದನಿ ಬದಲಾಗುತ್ತದೆ, ಬ್ಲೇಡ್ ಬಡಿತ ಒಂದೊಂದಾಗಿ ಕೇಳಿಸುವಷ್ಟು ನಿಧಾನವಾಗುತ್ತದೆ. ನಿಜವಾದ ಯಂತ್ರದಲ್ಲಿ 100 ಪರ್ಸೆಂಟ್ ಅಂದರೆ ನಿಮಿಷಕ್ಕೆ 192 ಸುತ್ತು. ಅಷ್ಟು ನಿಧಾನದ ರೋಟರ್‌ನಲ್ಲಿ ಕೆಲವು ಸುತ್ತು ಕಡಿಮೆಯಾದರೂ ಕಿವಿಗೆ ಗೊತ್ತಾಗುತ್ತದೆ.

88ರ ಹತ್ತಿರ ಒಂದೇ ಕ್ಷಣದಲ್ಲಿ ಅನೇಕ ಸಂಗತಿ ನಡೆಯುತ್ತವೆ. ಜನರೇಟರ್ ದೀಪಗಳು ಹತ್ತುತ್ತವೆ. ಎಸಿ ವೋಲ್ಟ್‌ಮೀಟರ್ ಬಿದ್ದುಹೋಗುತ್ತದೆ. ಆಟೋಪೈಲಟ್‌ನ ಹಸಿರು ಗುಂಡಿಗಳು ಆರುತ್ತವೆ. ಈ ಆಟೋಪೈಲಟ್ ಹೆಲಿಕಾಪ್ಟರ್ ಅನ್ನು ತಾನೇ ಹಾರಿಸುವುದಕ್ಕಿಂತ ಹೆಚ್ಚಾಗಿ ಅದರ ಅಲುಗಾಟ ತಡೆಯುವ ಕೆಲಸ ಮಾಡುತ್ತದೆ. ಅದು ಹೋದ ಕೂಡಲೇ ಯಂತ್ರ ಕೈಯಲ್ಲಿ ಹಗುರವಾಗಿ, ಪೋಲಿಯಾಗಿ ಬಿಡುತ್ತದೆ. ಅದೇ ಹೊತ್ತಿಗೆ ಮೂತಿ ತಿರುಗದಂತೆ ಹಿಡಿದಿಡುವ ಬಾಲದ ರೋಟರೂ ನಿಧಾನವಾಗಿದೆ. ಅದೂ ಇದೇ ಗೇರ್‌ಬಾಕ್ಸ್‌ಗೆ ಕಟ್ಟಿದ್ದೇ. ಅದರ ಬಲ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 95ರಿಂದ 88ಕ್ಕೆ ಬಂದರೆ ಸುಮಾರು 14 ಪರ್ಸೆಂಟ್ ಬಲ ಹೋಯಿತು. ಮೂತಿ ಎಡಕ್ಕೆ ತಿರುಗತೊಡಗುತ್ತದೆ, ಬಲ ಪೆಡಲ್ ಕೊನೆಯವರೆಗೆ ಒತ್ತಿದರೂ ಸಾಲುವುದಿಲ್ಲ.

ಪೈಲಟ್‌ಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಬೇಕಾದ ಗಳಿಗೆಯಲ್ಲೇ ಸಹಾಯ ಮಾಡುವ ಉಪಕರಣಗಳು ಕೈಬಿಡುತ್ತವೆ. ಇದನ್ನು ನಾವು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಕಲಿತಿದ್ದೆವು. ಬಾಕ್ಸು, ಗೆರೆ, ಬಾಣ. ಜನರೇಟರ್ ಅನ್ನು ಬೆಂಚಿನ ಮೇಲೆ ಇಟ್ಟು ಸ್ಪೀಡು ಇಳಿಸಿ ಎಲ್ಲಿ ಕತ್ತರಿಸುತ್ತದೆ ಅಂತ ಅಳೆಯುವುದೂ ಗೊತ್ತು. ಆದರೆ ಆ ಕತ್ತರಿಸುವಿಕೆ ಮುಂದೆ ಕೂತ ಪೈಲಟ್‌ನ ಕೈಗೆ ಹೇಗೆ ಬಂದು ತಟ್ಟುತ್ತದೆ ಅನ್ನುವುದು ಬೆಂಚಿನ ಮೇಲೆ ತಿಳಿಯುವುದಿಲ್ಲ. ನನ್ನಂಥವರಿಗೆ ಈ ಸಿಮ್ಯುಲೇಟರ್ ಕೊಟ್ಟ ದೊಡ್ಡ ಉಡುಗೊರೆ ಅದು. ನಾವು ಬಿಗಿ ಮಾಡಿದ ಒಂದು ನಟ್ಟು, ಉಜ್ಜಿ ಶುಚಿ ಮಾಡಿದ ಒಂದು ಟರ್ಮಿನಲ್ ಯಾವ ಹೊತ್ತಿಗೆ ಲೆಕ್ಕಕ್ಕೆ ಬರುತ್ತದೆ ಎಂದು ಅಲ್ಲಿ ಕೂತು ನೋಡಿದಾಗ ಮೈ ಜುಮ್ ಎಂದಿತು.

ಇದರಿಂದ ಹೊರಬರುವ ದಾರಿ ಒಂದೇ. ಕಲೆಕ್ಟಿವ್ ಸ್ವಲ್ಪ ಇಳಿಸಿ, ಮೂತಿ ಮುಂದಕ್ಕೆ ಬಾಗಿಸಿ, ಕಣಿವೆಯ ಕಡೆಗೆ ವೇಗ ಹಿಡಿಯಬೇಕು. ಮನಸ್ಸು ಒಪ್ಪುವುದಿಲ್ಲ. ಕೆಳಗೆ ಹೋಗುತ್ತಿರುವಾಗ ಕೈ ತಾನಾಗೇ ಮೇಲಕ್ಕೆ ಎಳೆಯುತ್ತದೆ. ಎಳೆದರೆ ಮುಗಿಯಿತು. ಇಳಿಸಿದರೆ ರೋಟರ್ ಚೇತರಿಸಿಕೊಳ್ಳುತ್ತದೆ, 90 ದಾಟಿದ ಮೇಲೆ ಜನರೇಟರ್‌ಗಳು ಮರಳಿ ಬರುತ್ತವೆ. ಬಂದ ಮೇಲೆ ಆಟೋಪೈಲಟ್ ಗುಂಡಿಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಆರಿದ್ದರೆ ಮತ್ತೆ ಒತ್ತಿ.

ಮೂರನೆಯದು ಆಟೋರೊಟೇಶನ್. ಎತ್ತರದಲ್ಲಿ ಎರಡೂ ಇಂಜಿನ್ ನಿಲ್ಲಿಸಿ, ಕಲೆಕ್ಟಿವ್ ಕೆಳಗೆ ಇಳಿಸಿ. ಕೆಳಗಿನಿಂದ ಬರುವ ಗಾಳಿ ರೋಟರ್ ಅನ್ನು ತಿರುಗಿಸುತ್ತಲೇ ಇರುತ್ತದೆ. ಇಂಜಿನ್ ಮೀಟರ್ ಎರಡೂ ಕೆಳಗೆ ಬಿದ್ದಿವೆ, ಆದರೆ ಎಸಿ ವೋಲ್ಟ್‌ಮೀಟರ್ ಅಲ್ಲಾಡದೆ ನಿಂತಿದೆ! ಬೀಳುತ್ತಿರುವ ಹೆಲಿಕಾಪ್ಟರ್‌ನ ಗಾಳಿಯೇ ಈಗ ಕರೆಂಟ್ ಮಾಡುತ್ತಿದೆ. ಜನರೇಟರ್ ಅನ್ನು ಗೇರ್‌ಬಾಕ್ಸ್ ಮೇಲೆ ಇಟ್ಟದ್ದರ ಲಾಭ ಇದು. ಇಂಜಿನ್ ಮೇಲಿಟ್ಟಿದ್ದರೆ ಇಷ್ಟು ಹೊತ್ತಿಗೆ ಬ್ಯಾಟರಿಯೇ ಗತಿ. ನೆಲ ಹತ್ತಿರ ಬಂದಾಗ ಮೂತಿ ಎತ್ತಿ, ಕೊನೆಯಲ್ಲಿ ಕಲೆಕ್ಟಿವ್ ಎಳೆದು ಕೂರಿಸುತ್ತೀರಿ. ಆ ಕೊನೆಯ ಎಳೆತದಲ್ಲಿ ರೋಟರ್ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತದೆ, ಸ್ಪೀಡು ಬೀಳುತ್ತದೆ, ಆಗ ಜನರೇಟರ್ ಹೋಗುತ್ತದೆ. ಅಷ್ಟರಲ್ಲಿ ಚಕ್ರ ನೆಲದ ಮೇಲಿರುತ್ತದೆ. ಅಲ್ಲಿಂದ ಮುಂದೆ ಬ್ಯಾಟರಿ, ಅದರಿಂದ ಓಡುವ ಇನ್ವರ್ಟರ್‌ಗಳು. 115 ವೋಲ್ಟ್‌ಗೆ ಒಂದು, 36 ವೋಲ್ಟ್‌ಗೆ ಒಂದು. ಅವನ್ನು ಆಟೋದಲ್ಲಿ ಇಟ್ಟಿದ್ದರೆ ಮುಖ್ಯವಾದ ಮೀಟರ್‌ಗಳು ಜೀವಂತ. ಮರೆತಿದ್ದರೆ ಇಲ್ಲ.

ಬೇರೆ ಹೆಲಿಕಾಪ್ಟರ್‌ಗಳಲ್ಲಿ ಹೇಗೆ ಅಂತ ಕೇಳುವವರಿಗೆ ಎರಡು ಮಾತು. ಅಮೆರಿಕದ ಹ್ಯೂಯಿ, ಅಂದರೆ ಯುಎಚ್-1ಎಚ್, ಎರಡೂ ಕಡೆ ಕಾಲಿಟ್ಟಿದೆ. ಮುಖ್ಯ ಡಿಸಿ ಜನರೇಟರ್ ಗೇರ್‌ಬಾಕ್ಸ್‌ನಿಂದ ತಿರುಗುತ್ತದೆ. ಇಂಜಿನ್ ಮೇಲೆ ಸ್ಟಾರ್ಟರ್-ಜನರೇಟರ್ ಸ್ಟ್ಯಾಂಡ್‌ಬೈ ಆಗಿ ಕಾಯುತ್ತಿರುತ್ತದೆ. ಮುಖ್ಯದ್ದು ಹೋದರೆ ಅದು ತಾನಾಗೇ ಹೊರೆ ಹೊರುತ್ತದೆ, ಅಷ್ಟೇನೂ ಮುಖ್ಯವಲ್ಲದ ಲೋಡುಗಳ ಸಾಲನ್ನು ಕೈಬಿಡುತ್ತದೆ. ಆ ಸಾಲೂ ಬೇಕು ಅಂದರೆ ಪೈಲಟ್ ಒಂದು ಸ್ವಿಚ್ ಬದಲಿಸಬೇಕು. ನನಗೆ ಈ ವ್ಯವಸ್ಥೆ ತುಂಬ ಹಿಡಿಸುತ್ತದೆ. ಬ್ಲಾಕ್ ಹಾಕ್ ಎಂಟಿವಿಯ ದಾರಿಯಲ್ಲೇ ಇದೆ. ಎರಡು ಎಸಿ ಜನರೇಟರ್, ಎರಡೂ ಮುಖ್ಯ ಗೇರ್‌ಬಾಕ್ಸ್‌ನಿಂದ, ಜೊತೆಗೆ ಸಹಾಯಕ ಇಂಜಿನ್ ಮೇಲೆ ಇನ್ನೊಂದು ಎಸಿ ಜನರೇಟರ್. ಪುಟ್ಟ ಬೆಲ್ 206ರಲ್ಲಿ ಒಂದೇ ಸ್ಟಾರ್ಟರ್-ಜನರೇಟರ್, ಅದೂ ಇಂಜಿನ್ ಕಡೆಯದು. ಅಲ್ಲಿ ರೋಟರ್ ಇಳಿದರೆ ಕರೆಂಟ್ ಹೋಗುವುದಿಲ್ಲ, ಇಂಜಿನ್ ನಿಂತರೆ ಹೋಗುತ್ತದೆ. ಯಾವುದು ಮೇಲು ಅಂತ ಒಂದೇ ಮಾತಿನಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ಆ ಯಂತ್ರದಲ್ಲಿ ಎಷ್ಟು ಲೋಡಿದೆ, ಬ್ಲೇಡ್ ಮೇಲೆ ಮಂಜು ಕಟ್ಟುವ ಚಳಿಯಲ್ಲಿ ಹಾರಬೇಕಾ, ಎಷ್ಟು ತೂಕ ತಡೆಯುತ್ತದೆ, ಇದನ್ನೆಲ್ಲ ನೋಡಬೇಕು. ಬ್ಲೇಡ್ ಕಾಯಿಸುವಷ್ಟು ಶಕ್ತಿ ಬೇಕಾದಲ್ಲಿ ಎಸಿ ಬಿಟ್ಟು ಗತಿಯಿಲ್ಲ.

ಕೊರತೆಗಳೂ ಇವೆ. ಫ್ರೀಕ್ವೆನ್ಸಿ ನಿಧಾನವಾಗಿ ಇಳಿಯುವಾಗ ಆಗುವ ಕಾವು, ವಾರ್ನಿಶ್ ಬಿಸಿಯಾದ ವಾಸನೆ, ಇವು ಪರದೆಯ ಮೇಲೆ ಬರುವುದಿಲ್ಲ. ಟರ್ಮಿನಲ್‌ಗೆ ಮೀಟರ್ ಹಚ್ಚಿ ನೋಡುವಂತಿಲ್ಲ. ಹೆಲಿಕಾಪ್ಟರ್‌ನಲ್ಲಿ ನಟ್ಟು ಬೋಲ್ಟುಗಳ ದೊಡ್ಡ ಶತ್ರು ನಡುಕ. ಕುರ್ಚಿಯಲ್ಲಿ ಕೂತವನಿಗೆ ಆ ನಡುಕ ಇಲ್ಲ. ಪೈಲಟ್‌ಗಾಗಿ ಮಾಡಿದ್ದು, ನಮಗಾಗಿ ಅಲ್ಲ, ಒಪ್ಪುತ್ತೇನೆ. ಆದರೂ ಮೆಕ್ಯಾನಿಕ್‌ಗಳಿಗಾಗಿ ಇಷ್ಟೇ ಶ್ರದ್ಧೆಯಿಂದ ಯಾರಾದರೂ ಒಂದು ಮಾಡಲಿ ಅಂತ ಆಸೆ. ನಮ್ಮ ಪಾಲಿಟೆಕ್ನಿಕ್, ಐಟಿಐ ಹುಡುಗರು ಇಂಥದ್ದರಲ್ಲಿ ಕೈ ಪಳಗಿಸಿಕೊಂಡರೆ ಎಷ್ಟು ಚೆನ್ನ.

ಕಾಕ್‌ಪಿಟ್‌ನ ಬರಹಗಳು ರಷ್ಯನ್‌ನಲ್ಲಿವೆ. ಇಂಗ್ಲಿಷ್ ಬರಹಕ್ಕೆ ಬದಲಿಸುವ ಆಯ್ಕೆಯೂ ಇದೆ. ಹೊಸಬರು ಇಂಗ್ಲಿಷ್ ಇಟ್ಟುಕೊಳ್ಳಿ. ನನಗೆ ರಷ್ಯನ್ ಫಲಕಗಳೇ ಇಷ್ಟ. ಹಳೆಯ ಪರಿಚಯದವರ ಮುಖ ನೋಡಿದಂತಾಗುತ್ತದೆ.

ದುಡ್ಡಿನ ವಿಚಾರ. ಡಿಸಿಎಸ್ ವರ್ಲ್ಡ್ ಮೂಲ ಸಾಫ್ಟ್‌ವೇರ್ ಉಚಿತ. ಈ ಹೆಲಿಕಾಪ್ಟರ್‌ಗೆ ಪೂರ್ತಿ ಬೆಲೆ ಸುಮಾರು 50 ಡಾಲರ್. ನಮ್ಮ ರೂಪಾಯಿಯಲ್ಲಿ ಅದು ಸಣ್ಣ ಮೊತ್ತ ಅಲ್ಲ. ಹಬ್ಬ ಹರಿದಿನದ ಸಮಯದಲ್ಲಿ ರಿಯಾಯಿತಿ ಬರುತ್ತದೆ, ಕಾಯುವುದು ಒಳ್ಳೆಯದು. ಕಂಪನಿಯ ಸ್ವಂತ ತಾಣದಿಂದ ಹಾಕಿಕೊಂಡರೆ ಎರಡು ವಾರ ಉಚಿತವಾಗಿ ಹಾರಿಸಿ ನೋಡುವ ಅವಕಾಶವೂ ಇದೆ. ಕಂಪ್ಯೂಟರ್ ಮಾತ್ರ ಗಟ್ಟಿಯಾಗಿರಬೇಕು. ಎಸ್‌ಎಸ್‌ಡಿ ಇಲ್ಲದೆ ಶುರು ಮಾಡುವುದೇ ಬೇಡ. ಸಾದಾ ಲ್ಯಾಪ್‌ಟಾಪ್‌ನಲ್ಲಿ ಇದು ಓಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೀಬೋರ್ಡ್‌ನಲ್ಲಿ ಹೆಲಿಕಾಪ್ಟರ್ ಹಾರಿಸುವುದು ಆಗದ ಮಾತು. ಕನಿಷ್ಠ ಒಂದು ಜಾಯ್‌ಸ್ಟಿಕ್, ಅದರಲ್ಲಿ ಹಿಡಿ ತಿರುಗಿಸಿದರೆ ಪೆಡಲ್ ಕೆಲಸ ಮಾಡುವಂಥದ್ದು, ಜೊತೆಗೆ ಕಲೆಕ್ಟಿವ್‌ಗಾಗಿ ಬೇರೆ ಒಂದು ಲಿವರ್ ಬೇಕು. ಥ್ರಾಟಲ್ ಹಿಡಿಗೂ ಒಂದು ಚಕ್ರವನ್ನೋ ಸ್ಲೈಡರನ್ನೋ ಕೊಟ್ಟುಕೊಳ್ಳಿ, ಗುಂಡಿ ಬೇಡ. ಗುಂಡಿಯಲ್ಲಿ ಐಡಲ್‌ನಿಂದ ಪೂರ್ತಿ ಬಲಕ್ಕೆ ಒಂದೇ ಜಿಗಿತಕ್ಕೆ ಹೋಗಿಬಿಡುತ್ತೀರಿ. ಆಗ 80ರಿಂದ 90ರ ನಡುವೆ ಜನರೇಟರ್ ಎದ್ದು ಬರುವುದನ್ನು ನೋಡಲು ಸಿಗುವುದೇ ಇಲ್ಲ.